ಎದೆಬಡಿತ ಒಂದನ್ನೇ ನಂಬಬೇಡಿ

ಬೀಟ್ ಸೇಬರ್ (ವಿಆರ್ ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡು, ಹಾಡಿನ ತಾಳಕ್ಕೆ ಕೈ ಬೀಸಿ ಎದುರು ಬರುವ ಚೌಕಗಳನ್ನು ಕತ್ತರಿಸುವ ಆಟ) ಆಡುವವರ ವಾಚಿನ ಎದೆಬಡಿತ ನೋಡಿ ಅವರು ಖುಷಿಯಲ್ಲಿದ್ದಾರಾ, ಗಾಬರಿಯಾಗಿದ್ದಾರಾ ಅಂತ ಹೇಳಬಹುದಾ ಎಂದು ಕೇಳಿದ್ದೀರಿ. ಅದೊಂದರಿಂದ ಆಗುವುದಿಲ್ಲ. ಕೈ ಬೀಸಿ ಬೀಸಿ ಎದೆಬಡಿತ ನಿಮಿಷಕ್ಕೆ 140 ಮುಟ್ಟಿದ ಮೇಲೆ ಅದರಲ್ಲಿ ಶ್ರಮದ ಪಾಲೆಷ್ಟು, ಭಾವನೆಯ ಪಾಲೆಷ್ಟು ಅಂತ ಬಿಡಿಸೋದು ಕಷ್ಟ. ಬೆವರಿನದೂ ಇದೇ ಕಥೆ, ಹೆದರಿದರೂ ಅಂಗೈ ಬೆವರುತ್ತದೆ, ಕುಣಿದರೂ ಬೆವರುತ್ತದೆ.

ನೀವು ಆಡುವವರು ಸುಮ್ನೆ ಕೂತಾಗಿನ ಅಳತೆಯನ್ನು ಹೋಲಿಕೆಗೆ ಇಟ್ಟುಕೊಂಡಿದ್ದೀರಿ. ತೊಡಕು ಇರೋದು ಅಲ್ಲೇ. ಅದೇ ಚಲನೆಯನ್ನು ಅಷ್ಟೇ ವೇಗದಲ್ಲಿ, ಹಾಡಿಲ್ಲದೆ, ಖಾಲಿ ಕೋಣೆಯಂಥ ದೃಶ್ಯದಲ್ಲಿ ಮಾಡಿಸಿ ಅಳೆಯಿರಿ, ಆಟದ ಅಳತೆಯನ್ನು ಅದರ ಜೊತೆ ಹೋಲಿಸಿ. ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಎಷ್ಟು ಓಡಾಡಿತು ಅನ್ನೋ ದಾಖಲೆಯೂ ಇರಲಿ.

ಮುಖ ನೋಡೋಣ ಅಂದರೆ ಹೆಡ್‌ಸೆಟ್ ಕಣ್ಣು, ಹುಬ್ಬು ಎರಡನ್ನೂ ಮುಚ್ಚುತ್ತದೆ. 2022ರ ಕ್ವೆಸ್ಟ್ ಪ್ರೊ ಹೆಡ್‌ಸೆಟ್‌ನಲ್ಲಿ ಮುಖ ಗಮನಿಸುವ ಕ್ಯಾಮೆರಾಗಳಿವೆ, ಆದರೆ ಏದುಸಿರು ಬಿಡುತ್ತಾ ಹಲ್ಲು ಕಚ್ಚಿದ ಮುಖ ಸಿಟ್ಟಿನ ಮುಖದ ಹಾಗೇ ಕಾಣುತ್ತದೆ, ಅಲ್ವಾ?

ಆಡುವವರನ್ನೇ ಕೇಳೋದನ್ನು ಮಾತ್ರ ಬಿಡಬೇಡಿ. ಪ್ರತಿ ಹಾಡು ಮುಗಿದ ತಕ್ಷಣ, ಹೆಡ್‌ಸೆಟ್ ತೆಗೆಸದೆ ಎರಡೇ ಪ್ರಶ್ನೆ: ಹೇಗನ್ನಿಸಿತು, ಎಷ್ಟು ದಣಿದಿರಿ? ದಣಿವಿಗೆ ಬೋರ್ಗ್ ಅವರ 6ರಿಂದ 20ರ ಅಳತೆಪಟ್ಟಿ (6 ಅಂದರೆ ಶ್ರಮವೇ ಇಲ್ಲ, 20 ಅಂದರೆ ಇನ್ನಾಗದಷ್ಟು ಶ್ರಮ) ಸಾಕು.