ಭಾನುವಾರ ಕೂತು ಲೇಔಟ್ ನಕ್ಷೆ ಮಾಡಿಕೊಡಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಸರ್ಕಾರಿ ನಗರ ಯೋಜಕ. ಸಾಗರದ ಹತ್ತಿರ ಗೆಳೆಯನೊಬ್ಬ ಮೂರು ಎಕರೆಯಲ್ಲಿ ಲೇಔಟ್ ಮಾಡುತ್ತಿದ್ದಾನೆ. 'ಭಾನುವಾರ ಕೂತು ನಕ್ಷೆ ಮಾಡಿಕೊಡು, ದುಡ್ಡು ಕೊಡ್ತೀನಿ, ಸಹಿ ಬೇರೆಯವರು ಹಾಕ್ತಾರೆ' ಅನ್ನುತ್ತಾನೆ. ಸಾಗರ ನನ್ನ ವ್ಯಾಪ್ತಿಯಲ್ಲಿಲ್ಲ. ತಪ್ಪೇನು?

ಉತ್ತರ: ದಯವಿಟ್ಟು ಒಪ್ಪಿಕೊಳ್ಳಬೇಡಿ. 'ಸಹಿ ಬೇರೆಯವರು ಹಾಕ್ತಾರೆ' ಎಂಬ ಮಾತೇ ನನಗೆ ಚುಚ್ಚಿತು. ಇದು ಮುಚ್ಚಿಡಬೇಕಾದ ಕೆಲಸ ಅಂತ ನಿಮ್ಮ ಗೆಳೆಯನಿಗೂ ಗೊತ್ತಿದೆ, ಅಲ್ವಾ?

ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021ರ ಪ್ರಕಾರ ಸರ್ಕಾರಿ ನೌಕರರು ಅನುಮತಿ ಇಲ್ಲದೆ ಖಾಸಗಿ ಕೆಲಸ ಹಿಡಿಯುವಂತಿಲ್ಲ. ರಜೆ ದಿನಕ್ಕೆ ವಿನಾಯಿತಿ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 202ನೇ ಸೆಕ್ಷನ್ ಕೂಡ ಇದೆ: ವ್ಯಾಪಾರ ಮಾಡಬಾರದ ಸರ್ಕಾರಿ ನೌಕರ ವ್ಯಾಪಾರಕ್ಕಿಳಿದರೆ ಒಂದು ವರ್ಷದವರೆಗೆ ಸಜೆ ಆಗಬಹುದು.

ಇನ್ನು ವ್ಯಾಪ್ತಿಯ ಮಾತು. ಆ ನಕ್ಷೆ ಒಪ್ಪಿಗೆಗೆ ಹೋಗುವುದು ನಿಮ್ಮದೇ ಸಹೋದ್ಯೋಗಿಯ ಮೇಜಿಗೆ. ಮುಂದಿನ ವರ್ಗಾವಣೆಯಲ್ಲಿ ಅದೇ ಮೇಜು ನಿಮ್ಮದಾಗಬಹುದು. ಊರಿನ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಹೊಸ ರಸ್ತೆ ಎಲ್ಲಿ ಹಾಯುತ್ತದೆ, ಯಾವ ಸರ್ವೆ ನಂಬರ್ ಕೃಷಿಯ ಹಸಿರಿನಿಂದ ವಸತಿಯ ಹಳದಿಗೆ ತಿರುಗುತ್ತದೆ ಎಂಬುದು ಜನರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. 2023ರಲ್ಲಿ ಸೋಗಾನೆ ವಿಮಾನ ನಿಲ್ದಾಣ ಶುರುವಾದ ಈ ಊರಲ್ಲಿ ಅಂಥ ಸುದ್ದಿಯ ಬೆಲೆ ನಿಮಗೆ ಹೇಳಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಹಳ್ಳದ ವಿಷಯ. ನಮ್ಮ ಮಲೆನಾಡಿನ ನೆಲ ಚಪ್ಪಟೆ ಅಲ್ಲ. ಬೇಸಿಗೆಯಲ್ಲಿ ನೋಡಿದರೆ ಒಣ ತಗ್ಗು, ಆಷಾಢದಲ್ಲಿ ಅದೇ ತುಂಬಿ ಹರಿಯುತ್ತದೆ. ಮೇಲಿನ ಕಾನಿನ ನೀರು ಕೆಳಗಿನ ಗದ್ದೆಗೆ ಇಳಿಯುವುದು ಅಲ್ಲಿಂದಲೇ. 'ಇಲ್ಲಿ ಸೈಟ್ ಬೇಡ, ನೀರಿಗೆ ದಾರಿ ಬಿಡಿ' ಎಂದು ಹೇಳಲಿಕ್ಕೇ ಸರ್ಕಾರ ನಿಮ್ಮನ್ನು ಕೂರಿಸಿದೆ. ಹಾಗೆ ಬಿಟ್ಟ ಒಂದೊಂದು ಸೈಟೂ ಗೆಳೆಯನಿಗೆ ನಷ್ಟ. ಅವನ ದುಡ್ಡು ತಗೊಂಡ ಮೇಲೆ ಆ ಮಾತು ನಿಮ್ಮ ಬಾಯಿಂದ ಸಲೀಸಾಗಿ ಬರುತ್ತಾ? ಕೊನೆಗೆ ಅಂಗಳದಲ್ಲಿ ನೀರು ನಿಲ್ಲುವುದು ಸಾಲ ಮಾಡಿ ಸೈಟ್ ಕೊಂಡವರಿಗೆ.

ಹೊರಗಿನ ಕೆಲಸವೆಲ್ಲ ಕೆಟ್ಟದ್ದು ಅಂತಲ್ಲ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಲಿಖಿತ ಅನುಮತಿ ಕೇಳಿ.

ಈಗಾಗಲೇ ಒಂದೆರಡು ಗೆರೆ ಎಳೆದುಕೊಟ್ಟಿದ್ದರೆ ಸುಮ್ನೆ ಇರಬೇಡಿ. ಮೇಲಧಿಕಾರಿಗೆ ಬರೆದು ತಿಳಿಸಿ. ಆ ಫೈಲ್ ಎಂದಾದರೂ ನಿಮ್ಮ ಹತ್ತಿರ ಬಂದರೆ ಮುಟ್ಟಬೇಡಿ. ಗೆಳೆಯನಿಗೆ ಖಾಸಗಿ ಯೋಜಕರನ್ನು ಹುಡುಕಿಕೊಳ್ಳಲು ಹೇಳಿ. ಮಳೆಗಾಲದಲ್ಲೊಮ್ಮೆ ಅವರನ್ನು ಕರೆದುಕೊಂಡು ಹೋಗಿ ಜಾಗ ತೋರಿಸಲಿ.