ಉಸಿರು ಬಿಟ್ಟಾಗ ಇನ್ನೊಂದು ಸ್ಕ್ಯಾನ್ ಯಾಕೆ?

ಪ್ರಶ್ನೆ: ನಮ್ಮಪ್ಪಂಗೆ 68 ವರ್ಷ, ಸಿಒಪಿಡಿ, ಅದೇ ಗಾಳಿ ಕೊಳವೆ ಕಿರಿದಾಗಿ ಉಸಿರಾಟ ಕಷ್ಟ ಆಗೋ ಶ್ವಾಸಕೋಶದ ಹಳೇ ಕಾಯಿಲೆ, ಇದೆ. ಸ್ಪೈರೋಮೆಟ್ರಿ, ಅದೇ ಊದೋ ಟೆಸ್ಟ್, ಎರಡು ಸಲ ಆಗಿದೆ, ಎಕ್ಸ್‌ರೇನೂ ತೆಗೆಸಿದೀವಿ. ಈಗ ಸಿಟಿ ಸ್ಕ್ಯಾನ್ ಮಾಡಿಸಿ, ಉಸಿರು ಎಳ್ಕೊಂಡಾಗ ಒಂದು, ಬಿಟ್ಟಾಗ ಇನ್ನೊಂದು ಅಂತಿದಾರೆ. ಎರಡೆರಡು ಸಲ ಯಾಕೆ ಡಾಕ್ಟ್ರೇ, ರೇಡಿಯೇಶನ್ ಜಾಸ್ತಿ ಆಗಲ್ವಾ?

ಉತ್ತರ: ಅಪ್ಪಂಗೆ ಏದುಸಿರು ಬಂದಾಗ ಪಕ್ಕದಲ್ಲಿ ಕೂತು ಒಂದ್ಸಲ ಗಮನಿಸಿ. ಎಳ್ಕೊಳ್ಳೋದು ಬೇಗ ಆಗತ್ತೆ, ಬಿಡೋದೇ ಕಷ್ಟ, ಸಿಳ್ಳೆ ಹಾಕೋ ಥರ ತುಟಿ ಮಾಡ್ಕೊಂಡು ನಿಧಾನಕ್ಕೆ ತಳ್ತಾರೆ, ಅಷ್ಟು ಮಾಡಿದ್ರೂ ಪೂರ್ತಿ ಹೊರಗೆ ಬಂದಿರಲ್ಲ. ಉಸಿರು ಬಿಡುವಾಗ ಸಣ್ಣ ಸಣ್ಣ ಗಾಳಿ ಕೊಳವೆಗಳು ಮುಚ್ಕೊಂಡು ಹಳೇ ಗಾಳಿ ಒಳಗೇ ಸಿಕ್ಕಾಕೊಳ್ಳತ್ತೆ. ಮಾಮೂಲಿ ಸಿಟಿ ತೆಗೆಯೋದು ಉಸಿರು ತುಂಬಿ ಹಿಡ್ಕೊಂಡಾಗ, ಹಾಗಾಗಿ ಈ ತೊಂದ್ರೆ ಅದರಲ್ಲಿ ಸರಿಯಾಗಿ ಕಾಣಲ್ಲ.

ಬಿಟ್ಟಾಗ ತೆಗೆದ ಸ್ಕ್ಯಾನ್‌ನಲ್ಲಿ ಚೆನ್ನಾಗಿರೋ ಜಾಗ ಕುಗ್ಗಿ ಬೂದು ಬಣ್ಣಕ್ಕೆ ತಿರುಗಿರತ್ತೆ, ಗಾಳಿ ಸಿಕ್ಕಾಕೊಂಡಿರೋ ಜಾಗ ಕಪ್ಪಗೇ ಉಳಿದಿರತ್ತೆ. ಸಿಟಿ ಲೆಕ್ಕದಲ್ಲಿ ನೀರು ಅಂದ್ರೆ 0, ಗಾಳಿ ಅಂದ್ರೆ ಮೈನಸ್ 1000. ಉಸಿರು ತುಂಬಿದಾಗ ಮೈನಸ್ 950ಕ್ಕಿಂತ ಕೆಳಗಿದ್ರೆ ಅಲ್ಲಿ ಗಾಳಿಗೂಡುಗಳೇ ಹಾಳಾಗಿವೆ, ಅಂದ್ರೆ ಎಂಫಿಸೀಮಾ ಅಂತ ಲೆಕ್ಕ. ಬಿಟ್ಟ ಮೇಲೂ ಮೈನಸ್ 856ಕ್ಕಿಂತ ಕೆಳಗೇ ಇದ್ರೆ ಗಾಳಿ ಅಲ್ಲಿ ಸಿಕ್ಕಾಕೊಂಡಿದೆ ಅಂತ. ಸಾಫ್ಟ್‌ವೇರ್ ಎರಡೂ ಚಿತ್ರನ ಚುಕ್ಕಿ ಚುಕ್ಕಿ ಹೊಂದಿಸಿ, ಯಾವ ಭಾಗ ಎಷ್ಟು ಕುಗ್ತು, ಎಷ್ಟು ಜರುಗ್ತು ಅಂತ ಅಳೀಬಹುದು. ನನಗಂತೂ ಈ ವಿಷಯದಲ್ಲಿ ಬಹಳ ಮುಖ್ಯ ಅನ್ಸೋದು ಇದೇ. 1846ರಲ್ಲಿ ಜಾನ್ ಹಚಿನ್ಸನ್ ವಿವರಿಸಿದ ಕಾಲದಿಂದ ಇವತ್ತಿನವರೆಗೂ ಸ್ಪೈರೋಮೀಟರ್ ಕೊಡೋದು ಒಟ್ಟು ಲೆಕ್ಕ, ಎರಡೂ ಶ್ವಾಸಕೋಶದ ಗಾಳಿ ಒಂದೇ ಬಾಯಲ್ಲಿ ಬರತ್ತಲ್ಲ, ಕೆಳಗಿನ ಎಡಭಾಗ ಕೆಲಸ ನಿಲ್ಸಿದ್ಯಾ ಮೇಲಿನ ಬಲಭಾಗಾನಾ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?

ರೇಡಿಯೇಶನ್ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ, ಒಂದರ ಬದಲು ಎರಡು ಅಂದ್ರೆ ಸ್ವಲ್ಪ ಜಾಸ್ತಿನೇ. ಆದ್ರೆ ಬಿಟ್ಟಾಗಿನ ಸ್ಕ್ಯಾನ್‌ನ ಸಾಮಾನ್ಯವಾಗಿ ಕಡಿಮೆ ಡೋಸ್‌ನಲ್ಲೇ ತೆಗೀತಾರೆ, ಹಾಗೆ ಮಾಡ್ತೀರಾ ಅಂತ ನೀವೇ ಕೇಳಿ, ಕೇಳೋದ್ರಲ್ಲಿ ತಪ್ಪಿಲ್ಲ. ವಪೆ, ಅಂದ್ರೆ ಡಯಾಫ್ರಮ್, ಎಷ್ಟು ಇಳಿದು ಏರತ್ತೆ ಅಂತ ನೋಡೋಕಾದ್ರೆ ಅಲ್ಟ್ರಾಸೌಂಡ್ ಸಾಕು, ಅದರಲ್ಲಿ ರೇಡಿಯೇಶನ್ನೇ ಇಲ್ಲ. ಸುಮ್ನೆ ಉಸಿರಾಡುವಾಗ ಅದು ಸುಮಾರು 1ರಿಂದ 2 ಸೆಂಟಿಮೀಟರ್ ಜರುಗತ್ತೆ, ಜೋರಾಗಿ ಎಳ್ಕೊಂಡ್ರೆ ಅದಕ್ಕಿಂತ ಎಷ್ಟೋ ಪಟ್ಟು. ಸಿಒಪಿಡಿ ಜಾಸ್ತಿ ಆದವರಲ್ಲಿ ಶ್ವಾಸಕೋಶ ಉಬ್ಬಿ ವಪೆನ ಕೆಳಕ್ಕೆ ಒತ್ತಿ ಚಪ್ಪಟೆ ಮಾಡಿರೋದ್ರಿಂದ ಜರುಗೋಕೆ ಜಾಗನೇ ಇರಲ್ಲ. ಉಸಿರಾಟನ ಪೂರ್ತಿ ವಿಡಿಯೋ ಥರ ಹಿಡಿಯೋ ಫೋರ್ ಡಿ ಸಿಟಿನೂ ಇದೆ, ಅದನ್ನ ಹೆಚ್ಚಾಗಿ ಬಳಸೋದು ಕ್ಯಾನ್ಸರ್ ಗೆಡ್ಡೆಗೆ ರೇಡಿಯೇಶನ್ ಕೊಡೋ ಮುಂಚೆ, ನಿಮಗೆ ಅದರ ಯೋಚನೆ ಬೇಡ.

ಸ್ಕ್ಯಾನ್ ದಿನ ಅಪ್ಪ ಅರ್ಧ ಉಸಿರು ಬಿಟ್ಟು ನಿಲ್ಸಿಬಿಟ್ರೆ ಚೆನ್ನಾಗಿರೋ ಜಾಗನೂ ಗಾಳಿ ಸಿಕ್ಕಾಕೊಂಡಂಗೆ ಕಾಣತ್ತೆ, ಲೆಕ್ಕ ಪೂರ್ತಿ ತಪ್ಪತ್ತೆ. ಅದಕ್ಕೇ ಎರಡು ಮೂರು ದಿನ ಮುಂಚೆಯಿಂದ ಮನೇಲೇ ಅಂಗಾತ ಮಲಗಿಸಿ, ಪೂರ್ತಿ ಬಿಟ್ಟು ಕೆಲವು ಸೆಕೆಂಡ್ ಹಾಗೇ ಇರೋದನ್ನ ಅಭ್ಯಾಸ ಮಾಡ್ಸಿ, ಸುಸ್ತಾದ್ರೆ ಬಲವಂತ ಬೇಡ. ಇನ್‌ಹೇಲರ್ ಅವತ್ತು ಬಳಸಿ ಬರಬೇಕಾ ಅಂತ ಮೊದ್ಲೇ ಕೇಳಿಟ್ಕೊಳ್ಳಿ, ಮಲಗಿದ್ರೆ ಉಸಿರು ಕಟ್ಟತ್ತೆ ಅನ್ನೋದಾದ್ರೆ ಅದನ್ನೂ ಟೆಕ್ನಿಶಿಯನ್‌ಗೆ ಒಳಗೆ ಹೋಗೋ ಮುಂಚೆನೇ ಹೇಳಿ.