ಸಕ್ಕರೆ ಇಳಿದರೂ ಪಾದದ ಉರಿ ಇಳಿದಿಲ್ಲ

ಪ್ರಶ್ನೆ: ನನಗೆ 54 ವರ್ಷ. ಮದ್ದೂರಿನ ಸಮೀಪ ಕಬ್ಬು, ಭತ್ತ ಬೆಳೆಯುತ್ತೇನೆ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದೇನೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) ಒಂದು ವರ್ಷದಲ್ಲಿ 9ರಿಂದ 7ಕ್ಕೆ ಇಳಿದಿದೆ. ಆದರೂ ರಾತ್ರಿ ಪಾದಗಳು ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯುತ್ತವೆ. ಹೊದಿಕೆ ತಾಗಿದರೂ ಸಹಿಸಲಾಗದು. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿಯುತ್ತಿದ್ದೇನೆ. ಬಲ ಹೆಬ್ಬೆರಳಿನಲ್ಲಿ ಮಾತ್ರ ಈಚೆಗೆ ಉರಿ ನಿಂತಿದೆ. ಇದು ಗುಣವಾಗುವ ಲಕ್ಷಣವೇ?
– ಒಬ್ಬ ರೈತ, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಮಾತೇ ನನಗೆ ಹೆಚ್ಚು ಆತಂಕ ತಂದಿದೆ. ನರ ಇನ್ನಷ್ಟು ಹಾಳಾಗಿ ಸ್ಪರ್ಶಜ್ಞಾನವೇ ಹೋದಾಗಲೂ ಉರಿ ಹೀಗೆಯೇ ನಿಲ್ಲುತ್ತದೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ, ಕಂಪಿಸುವ ಶ್ರುತಿಕವೆಯನ್ನು ಬೆರಳಿಗೆ ತಾಗಿಸಿ ವೈದ್ಯರು ಕೆಲವೇ ನಿಮಿಷಗಳಲ್ಲಿ ಇದನ್ನು ಪರೀಕ್ಷಿಸಬಲ್ಲರು. ಸ್ಪರ್ಶವಿಲ್ಲದ ಕಾಲಿಗೆ ಕಬ್ಬಿನ ಕೂಳೆ ಚುಚ್ಚಿದ್ದು ಕೀವಾಗುವವರೆಗೂ ತಿಳಿಯದೆ ಹೋಗಬಹುದಾದ್ದರಿಂದ ಬರಿಗಾಲಿನಲ್ಲಿ ಗದ್ದೆಗೆ ಇಳಿಯಬೇಡಿ. ಉರಿಯೆಂದು ಬಿಸಿನೀರಿನಲ್ಲಿ ಪಾದ ಅದ್ದಲೂಬೇಡಿ.

ರಕ್ತದಲ್ಲಿ ಗ್ಲೂಕೋಸ್ ಬಹುಕಾಲ ಹೆಚ್ಚಾಗಿದ್ದರೆ ನರತಂತುಗಳೂ, ಅವಕ್ಕೆ ಆಮ್ಲಜನಕ ಒಯ್ಯುವ ಅತಿಸೂಕ್ಷ್ಮ ರಕ್ತನಾಳಗಳೂ ಕೆಡುತ್ತವೆ. ಸೊಂಟದಿಂದ ಕಾಲ್ಬೆರಳ ತುದಿಯವರೆಗೆ ಚಾಚಿರುವ ಉದ್ದನೆಯ ನರಗಳು ಮೊದಲು ಸೋಲುವುದರಿಂದ ತೊಂದರೆ ಬೆರಳಿನಲ್ಲಿ ಹುಟ್ಟಿ, ಕಾಲುಚೀಲ ಏರಿಸಿದಂತೆ ಮೇಲಕ್ಕೆ ಬರುತ್ತದೆ. ಹಾಳಾದ ನರ ಚೇತರಿಸಿಕೊಳ್ಳುವುದು ನಿಧಾನ, ಕೆಲವೊಮ್ಮೆ ಅಪೂರ್ಣ. ಸರಾಸರಿ ಇಳಿದ ಮಾತ್ರಕ್ಕೆ ಉರಿ ಆರದಿರುವುದು ಅದಕ್ಕಾಗಿ.

ಅಲ್ಲದೆ, ನಿಮ್ಮಂತಹ ಎರಡನೆಯ ಬಗೆಯ ಮಧುಮೇಹದಲ್ಲಿ ಸಕ್ಕರೆಯೊಂದೇ ಅಪರಾಧಿಯಲ್ಲ. ಹೊಟ್ಟೆಯ ಬೊಜ್ಜು, ಹೆಚ್ಚಿದ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು), ರಕ್ತದೊತ್ತಡ, ಧೂಮಪಾನ ಇವುಗಳಿಗೂ ನರಹಾನಿಯೊಂದಿಗೆ ನಂಟಿದೆ. ಮಧುಮೇಹದ ಹೊಸ್ತಿಲಲ್ಲಿರುವವರಿಗೂ ಪಾದ ಉರಿಯುವುದುಂಟು. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ಸೇವಿಸಿದಾಗ ಬಿ12 ಜೀವಸತ್ವ ಕಡಿಮೆಯಾಗಿ ಇಂತಹುದೇ ಜೋಮು, ಉರಿ ಬರಬಹುದು. ಆದ್ದರಿಂದ ಬಿ12, ಟ್ರೈಗ್ಲಿಸರೈಡ್, ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಬೆಲ್ಲ. ಮಂಡ್ಯದವರಿಗೆ ಇದನ್ನು ಹೇಳಲು ನನಗೂ ಸಂಕೋಚವೇ. ಆದರೆ ಆಲೆಮನೆಯಿಂದ ಬಂದದ್ದೂ ಬಹುಪಾಲು ಸಕ್ಕರೆಯೇ.

ಅಂಗಡಿಯಿಂದ ತರುವ ಸಾಮಾನ್ಯ ನೋವಿನ ಮಾತ್ರೆಗಳು ಈ ಉರಿಗೆ ಅಷ್ಟಾಗಿ ನಾಟುವುದಿಲ್ಲ, ಮೂತ್ರಪಿಂಡಕ್ಕೆ ಹಾನಿಯನ್ನೂ ಮಾಡಬಹುದು. ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ಗಳಲ್ಲಿ ನಿಮಗೆ ಹೊಂದುವುದನ್ನು ವೈದ್ಯರು ಕಡಿಮೆ ಪ್ರಮಾಣದಲ್ಲಿ ಆರಂಭಿಸುತ್ತಾರೆ. ಗುಣ ಕಾಣಲು ಕೆಲವು ವಾರಗಳು ಬೇಕು. ಮೊದಮೊದಲು ಮಂಪರು ಬರಬಹುದಾದ್ದರಿಂದ, ಮಾತ್ರೆ ಮೈಗೆ ಒಗ್ಗುವವರೆಗೆ ಟ್ರ್ಯಾಕ್ಟರ್ ಓಡಿಸುವುದನ್ನು ಮನೆಯ ಬೇರೆಯವರಿಗೆ ಬಿಡಿ.